ಗಾಳಿಯ ಊರಿನ ಮೀನು ಬಂದರು

‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಬಂದ ಗಾಳಿ ವಾರಗಟ್ಟಲೆ ನಿಲ್ಲದ ಊರಿನಲ್ಲಿ ಜನ ಹೇಗೆ ಬದುಕು ನಡೆಸುತ್ತಾರೆ? ಆಫ್ರಿಕಾ ಖಂಡದ ವಾಯವ್ಯ ಮೂಲೆಯ ಮೊರೊಕ್ಕೊ ದೇಶದಲ್ಲಿ, ಅಟ್ಲಾಂಟಿಕ್ ಸಾಗರದ ದಂಡೆಯ ಮೇಲಿರುವ ಎಸ್ಸವೀರ ಎಂಬ ಬಂದರು ಪಟ್ಟಣಕ್ಕೆ ಒಂದು ಜುಲೈ ತಿಂಗಳಲ್ಲಿ ಹೋಗಿಬರುವ ಅವಕಾಶ ನಮಗೆ ಒದಗಿತು. ಅಲ್ಲಿ ಕಂಡದ್ದನ್ನು ಸದಸ್ಯ ಬಾಂಧವರೊಡನೆ ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

ಒಳನಾಡಿನ ಮರ್ರಾಕೇಶ್ ನಗರದಿಂದ ಬಸ್ಸಿನಲ್ಲಿ ಸುಮಾರು ಮೂರು ತಾಸಿನ ದಾರಿ. ಹೊರಟಾಗ ನೆತ್ತಿ ಸುಡುವ ಬಿಸಿಲು. ಕಡಲು ಹತ್ತಿರವಾದಂತೆ ಕಿಟಕಿಯಿಂದ ತಂಪು ಸುಳಿಯತೊಡಗಿತು. ಬಸ್ಸು ಇಳಿದ ಕೂಡಲೇ ನಮ್ಮಲ್ಲೊಬ್ಬರ ಟೋಪಿ ಹಾರಿ ರಸ್ತೆಯ ಆಚೆ ಬಿತ್ತು. ನಡು ಬೇಸಿಗೆಯಲ್ಲೂ ಅಲ್ಲಿ ಉಣ್ಣೆಯ ಅಂಗಿ ಬೇಕಾಗುತ್ತದೆ ಎಂದರೆ ಓದುಗರು ನಂಬಬೇಕು.

ಈ ಊರನ್ನು ಹಿಂದೆ ಮೊಗದೋರ್ ಎಂದು ಕರೆಯುತ್ತಿದ್ದರು. 1760ರ ದಶಕದಲ್ಲಿ ಸುಲ್ತಾನ ಸಿದಿ ಮೊಹಮ್ಮದ್ ಬೆನ್ ಅಬ್ದಲ್ಲಾ ಇದನ್ನು ವ್ಯಾಪಾರಕ್ಕೆಂದೇ ಕಟ್ಟಿಸಿದನು. ನಕ್ಷೆ ತಯಾರಿಸಿದವನು ಥಿಯೊಡೋರ್ ಕೊರ್ನು ಎಂಬ ಫ್ರೆಂಚ್ ಎಂಜಿನಿಯರ್. ಸಹರಾ ಮರುಭೂಮಿ ದಾಟಿ ಬಂದ ಒಂಟೆಗಳ ಸರಕು ಇಲ್ಲಿಂದ ಯುರೋಪಿಗೆ ಹಡಗೇರುತ್ತಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಕಾಸಾಬ್ಲಾಂಕಾ ಬಂದರು ಬೆಳೆಯಿತು. ಮೊಗದೋರಿನ ದೊಡ್ಡ ವ್ಯಾಪಾರ ಕರಗಿತು. ಉಳಿದದ್ದು ಕಡಲ ಅಲೆ ಬಡಿಯುವ ಕೋಟೆಗೋಡೆ, ಸಾಲು ಫಿರಂಗಿಗಳು ಮತ್ತು ಮೀನು. ಹಳೆಯ ಪೇಟೆಯನ್ನು 2001ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ.

ನಾವು ಬಂದರಿಗೆ ಹೋದ ದಿನ ನೀಲಿ ಬಣ್ಣದ ಸಣ್ಣ ದೋಣಿಗಳೆಲ್ಲ ಒತ್ತೊತ್ತಾಗಿ ಹಗ್ಗ ಬಿಗಿದು ನಿಂತಿದ್ದವು. ಗಾಳಿ ಜೋರಾಗಿ ಮೂರು ದಿನ. ಮೂರು ದಿನವೂ ದೋಣಿ ಇಳಿದಿಲ್ಲ. ವಯಸ್ಸಾದ ಬೆಸ್ತರೊಬ್ಬರು ಬಲೆಯ ಹರುಕು ಹೊಲಿಯುತ್ತಾ ಕುಳಿತಿದ್ದರು. ಜೊತೆಗಿದ್ದ ಮಾರ್ಗದರ್ಶಿಯ ಮೂಲಕ ಮಾತಾಡಿಸಿದೆವು. ಅಲ್ಲಿ ದಿನಗೂಲಿಯ ಪದ್ಧತಿಯಿಲ್ಲ. ಮೀನು ಮಾರಿದ ಹಣದಲ್ಲಿ ಎಣ್ಣೆಯ ಖರ್ಚು ಕಳೆದು, ದೋಣಿಗೊಂದು ಪಾಲು, ಆಳುಗಳಿಗೊಂದು ಪಾಲು. ದೋಣಿ ಇಳಿಯದಿದ್ದರೆ ಯಾರಿಗೂ ಪಾಲಿಲ್ಲ. ಮೂರು ದಿನದಿಂದ ಅಂಗಡಿಯಲ್ಲಿ ಕಡ ಬರೆಸಿ ಹಿಟ್ಟು ತಂದಿರುವುದಾಗಿ ಅವರು ಸಂಕೋಚವಿಲ್ಲದೆ ಹೇಳಿದರು. ಹಾಗಾದರೆ ಈ ಗಾಳಿ ನಿಮಗೆ ಶತ್ರುವಲ್ಲವೇ ಎಂದು ಕೇಳಿದೆವು. ಅವರು ನಕ್ಕು, ಗಾಳಿ ಇಲ್ಲದಿದ್ದರೆ ಮೀನೂ ಇಲ್ಲ ಎಂದರು.

ಮೊದಲಿಗೆ ಇದು ಸಮಾಧಾನದ ಮಾತು ಎನಿಸಿತು. ವಿಚಾರಿಸಿದಾಗ ಅದರಲ್ಲಿ ಶಾಸ್ತ್ರವೇ ಇದೆಯೆಂದು ತಿಳಿಯಿತು. ಉತ್ತರದಿಂದ ದಂಡೆಯುದ್ದಕ್ಕೂ ಬೀಸುವ ಈ ಗಾಳಿ ಕಡಲಿನ ಮೇಲ್ಪದರದ ನೀರನ್ನು ಹೊರಕ್ಕೆ ತಳ್ಳುತ್ತದೆ. ತೆರವಾದ ಜಾಗಕ್ಕೆ ಆಳದ ತಣ್ಣೀರು ಏರಿ ಬರುತ್ತದೆ. ಆ ನೀರಿನಲ್ಲಿ ಸಾರಜನಕ, ರಂಜಕ ಮುಂತಾದ ಸತ್ವಗಳು ತುಂಬಿರುತ್ತವೆ. ನಾವು ತೋಟಕ್ಕೆ ಹಾಕುವ ಗೊಬ್ಬರದ ಸತ್ವವೂ ಇದೇ ತಾನೇ! ಇದರಿಂದ ಕಣ್ಣಿಗೆ ಕಾಣದ ಸೂಕ್ಷ್ಮ ಸಸ್ಯಗಳು ಬೆಳೆಯುತ್ತವೆ; ಅವುಗಳ ಆಸರೆಯಲ್ಲಿ ನಮ್ಮ ಬೂತಾಯಿಯ ಬಳಗದ ಸಾರ್ಡೀನ್ ಮೀನು ಹಿಂಡುಹಿಂಡಾಗಿ ಹೆಚ್ಚುತ್ತದೆ. ನಮ್ಮ ಅರಬ್ಬೀ ಕಡಲಿನಲ್ಲೂ ಮುಂಗಾರಿನ ಹೊತ್ತಿಗೆ ಆಳದ ನೀರು ಹೀಗೆಯೇ ಮೇಲೇರುತ್ತದೆ.

ನಾಲ್ಕನೆಯ ದಿನ ಬೆಳಗಿನ ಜಾವ ಗಾಳಿ ತಗ್ಗಿತು. ನಾವು ಎದ್ದು ಹೋಗುವಷ್ಟರಲ್ಲಿ ದೋಣಿಗಳು ಕಡಲಲ್ಲಿದ್ದವು. ಅವು ಮರಳಿದಾಗ ಬಂದರಿನಲ್ಲಿ ಕಾಲಿಡಲು ಜಾಗವಿಲ್ಲ. ಸಾರ್ಡೀನ್, ಏಡಿ, ಸೀಗಡಿ, ಹಾವಿನಂಥ ಉದ್ದ ಮೀನು. ತಲೆಯ ಮೇಲೆ ಕಡಲಕಾಗೆಗಳ ಗಲಾಟೆ. ವ್ಯಾಪಾರ ಚುರುಕು. ನಾವಾದರೆ ಧಾರಣೆ ಕುಸಿದಾಗ ಅಡಿಕೆಯನ್ನು ಅಟ್ಟದಲ್ಲಿಟ್ಟು ಕಾಯಬಹುದು. ಮೀನು ಹಿಡಿದವರಿಗೆ ಆ ಭಾಗ್ಯವಿಲ್ಲ. ಮಧ್ಯಾಹ್ನದೊಳಗೆ ಬಂದ ಬೆಲೆಯೇ ಬೆಲೆ. ಪಕ್ಕದ ಅಂಗಡಿಗಳಲ್ಲಿ ಬೇಕಾದ ಮೀನನ್ನು ಆರಿಸಿ ತೂಗಿಸಿದರೆ ಉಪ್ಪು ಸವರಿ ಇದ್ದಿಲ ಕೆಂಡದ ಮೇಲೆ ಸುಟ್ಟು, ನಿಂಬೆಹೋಳಿನೊಂದಿಗೆ ಕೊಡುತ್ತಾರೆ. ಮನೆಗಳಲ್ಲಿ ಕೊತ್ತಂಬರಿ ಸೊಪ್ಪು, ಬೆಳ್ಳುಳ್ಳಿ, ಜೀರಿಗೆ ಅರೆದು ಹಚ್ಚುವ ಕ್ರಮವೂ ಇದೆ. ನಮ್ಮ ಗುಂಪಿನಲ್ಲಿ ಮೀನು ಮುಟ್ಟದವರು ರೊಟ್ಟಿ, ಆಲಿವ್ ಕಾಯಿ, ಪುದೀನ ಚಹಾದಲ್ಲೇ ತೃಪ್ತರಾದರು.

ಆದರೂ ಬರೀ ಮೀನನ್ನು ನಂಬಿದ ಸೀಮೆ ಇದಲ್ಲ. ಒಂದು ಕಾಲಕ್ಕೆ ಇಲ್ಲಿ ಸಾರ್ಡೀನ್ ಡಬ್ಬಿ ತುಂಬುವ ಕಾರ್ಖಾನೆಗಳಿದ್ದವು. ದೊಡ್ಡ ಮೀನುಗಾರಿಕೆ ಕ್ರಮೇಣ ದಕ್ಷಿಣದ ಬಂದರುಗಳಿಗೆ ಸರಿಯಿತು. ಸುತ್ತಲಿನ ಹಳ್ಳಿಗಳ ಒಣ ನೆಲದಲ್ಲಿ ಆರ್ಗಾನ್ ಎಂಬ ಮುಳ್ಳಿನ ಮರ ಬೆಳೆಯುತ್ತದೆ. ಅದರ ಬೀಜವನ್ನು ಹೆಂಗಸರು ಕಲ್ಲಿನ ಮೇಲಿಟ್ಟು ಕುಟ್ಟಿ ಒಡೆಯುತ್ತಾರೆ. ಸಾಲಾಗಿ ಕುಳಿತು ಹರಟುತ್ತಾ ಕೆಲಸ ಮಾಡುವ ಅವರನ್ನು ಕಂಡು ನಮಗೆ ಅಡಿಕೆ ಸುಲಿಯುವ ರಾತ್ರಿಗಳು ನೆನಪಾದವು. ಒಂದು ಲೀಟರ್ ಎಣ್ಣೆಗೆ ಸುಮಾರು 2.5 ಕಿಲೋ ತಿರುಳು ಬೇಕು. 1996ರಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕಿ ಜುಬೈದಾ ಶರೂಫ್ ಅವರ ಮುಂದಾಳುತನದಲ್ಲಿ ಇದೇ ಪ್ರಾಂತದ ತಮನಾರ್‌ನಲ್ಲಿ ಮಹಿಳೆಯರ ಸಹಕಾರ ಸಂಘ ಆರಂಭವಾಯಿತು. ಆಮೇಲೆ ಇಂಥ ಸಂಘಗಳು ಅನೇಕ ಹುಟ್ಟಿದವು. ಕಡಲು ಕೈಕೊಟ್ಟ ದಿನಗಳಲ್ಲಿ ಈ ಸೀಮೆಗೆ ನೆಲದ ದುಡಿಮೆಯ ಆಸರೆಯಿದೆ.

ಊರಿಗೆ ಮರಳಿದಾಗ ಇಲ್ಲಿ ಮಳೆ ಹೊಡೆಯುತ್ತಿತ್ತು. ಬೋರ್ಡೋ ದ್ರಾವಣದ ಎರಡನೆಯ ಸಿಂಪರಣೆಗೆ ಬಿಡುವು ಸಿಗದೆ ತೋಟದಲ್ಲಿ ಕೊಳೆ ರೋಗದ ಕಾಯಿ ಉದುರಲು ತೊಡಗಿತ್ತು. ಮಳೆಯನ್ನು ಬೈಯಲು ಬಾಯಿ ತೆರೆದೆವು. ಆ ಹಿರಿಯ ಬೆಸ್ತರ ಮಾತು ನೆನಪಾಗಿ ಸುಮ್ಮನಾದೆವು. ಕಾಯಿ ಉದುರಿಸುವ ಮಳೆಯೇ ಬೇಸಿಗೆಗೆ ನಮ್ಮ ಕೆರೆ ಬಾವಿಗಳನ್ನು ತುಂಬಿಸುವುದು. ಅದನ್ನು ತಡೆಯುವುದು ನಮ್ಮ ಕೈಲಿಲ್ಲ. ದೋಣಿ ಇಳಿಯದ ದಿನ ಬಲೆ ಹೊಲಿದಿಟ್ಟು, ಗಾಳಿ ತಗ್ಗಿದ ಗಳಿಗೆಗೆ ಸಿದ್ಧರಾಗಿರುವುದು ಮಾತ್ರ ನಮ್ಮ ಕೈಲಿದೆ. ಮೈಲುತುತ್ತು, ಸುಣ್ಣ, ದೋಟಿ ಎಲ್ಲವನ್ನೂ ಹೊಂದಿಸಿಟ್ಟುಕೊಂಡು ನಾವು ಮಳೆಯ ಬಿಡುವಿಗೆ ಕಾದೆವು. ಮೂರನೆಯ ದಿನ ಬಿಸಿಲು ಬಂತು.