ಹಳೇ ಮೈ, ಹೊಸ ಮೈ: ಸ್ಪೋರ್ಟ್ಸ್ ಕಾರಿನ ರೂಪದ ಬಗ್ಗೆ ನಾಲ್ಕು ಮಾತು

ಲೋಕಲ್ ಟ್ರೇನಿನ ಸೆಕೆಂಡ್ ಕ್ಲಾಸ್ ಪಾಸಿನ ಮೇಲೆ ಓಡಾಡುವವನಿಗೆ ಸ್ಪೋರ್ಟ್ಸ್ ಕಾರಿನ ಉಸಾಬರಿ ಯಾಕಪ್ಪಾ ಅಂತ ನಮ್ಮ ಸಂಘದ ಗೆಳೆಯರು ಕೇಳುವುದುಂಟು. ಕೇಳಲಿ. ವಿಜಾಪುರದ ಗೋಳಗುಮ್ಮಟವನ್ನು ನೋಡಿ ಸಂತೋಷಪಡಲು ಅದು ನಮ್ಮ ಹೆಸರಿನಲ್ಲಿ ಇರಬೇಕಾಗಿಲ್ಲವಲ್ಲ! ಕಾರಿನ ಮಾತೂ ಹಾಗೆಯೇ. ಕೊಳ್ಳುವ ಯೋಗ ಯಾರದೋ, ನೋಡುವ ಹಕ್ಕು ಎಲ್ಲರದು.

ಕಾರಿನ ಹುಚ್ಚು ಹಿಡಿದವರಲ್ಲಿ ಎರಡು ಪಕ್ಷಗಳಿವೆ. ಒಂದು ಪಕ್ಷದವರು, 1960ರ ದಶಕದ ನಂತರ ಚೆಂದದ ಕಾರೇ ಹುಟ್ಟಲಿಲ್ಲ, ಈಗಿನವೆಲ್ಲ ಸಿಟ್ಟಿನ ಮುಖದ ಪ್ಲಾಸ್ಟಿಕ್ ಡಬ್ಬಿಗಳು ಅನ್ನುತ್ತಾರೆ. ಇನ್ನೊಂದು ಪಕ್ಷದವರು, ಹಳೇ ಕಾರು ಫೋಟೋದಲ್ಲಿ ಚೆಂದ, ರಸ್ತೆಯಲ್ಲಿ ನಿಂತುಹೋದರೆ ಆಗ ಗೊತ್ತಾಗುತ್ತದೆ ಅನ್ನುತ್ತಾರೆ. ಇವರಿಬ್ಬರ ನಡುವೆ ಕಂಪನಿಗಳು ಮೂರನೆಯ ದಾರಿಯೊಂದನ್ನು ಹುಡುಕಿಕೊಂಡಿವೆ. ಯಂತ್ರ ಹೊಸದು, ಮೈ ಹಳೆಯದರ ಹಾಗೆ. ಇದಕ್ಕೆ ‘ರೆಟ್ರೋ’ ಎಂದು ಹೆಸರು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆಯದೋ ಹೊಸದೋ ಎಂಬುದು ಮುಖ್ಯವಲ್ಲ. ಆ ರೂಪಕ್ಕೆ ಕಾರಣ ಇದೆಯೋ ಇಲ್ಲವೋ ಎಂಬುದು ಮುಖ್ಯ.

ನಮ್ಮ ಹಳೇ ತೊಟ್ಟಿಮನೆಯನ್ನೇ ತೆಗೆದುಕೊಳ್ಳಿ. ನಡುವೆ ಅಂಗಳ ತೆರೆದಿದ್ದದ್ದು ಶೋಕಿಗಲ್ಲ, ಗಾಳಿ ಬೆಳಕು ಬರಲಿ ಅಂತ. ಈಗ ಯಾರಾದರೂ ಫ್ಲ್ಯಾಟಿನ ಹಾಲ್‌ನಲ್ಲಿ ನಾಲ್ಕು ಮರದ ಕಂಬ ನಿಲ್ಲಿಸಿ, ಮೇಲೆ ಸ್ಲ್ಯಾಬ್ ಮುಚ್ಚಿ, ಟ್ಯೂಬ್‌ಲೈಟ್ ಹಾಕಿ ‘ತೊಟ್ಟಿಮನೆ’ ಅಂದರೆ ನಗು ಬರುವುದಿಲ್ಲವೇ? ಕಂಬ ಬಂತು, ಗಾಳಿ ಬರಲಿಲ್ಲ. ಬಹಳಷ್ಟು ರೆಟ್ರೋ ಕಾರುಗಳ ಕಥೆ ಇದೇ.

ಜಾಗ್ವಾರ್ ಕಂಪನಿಯ ಇ-ಟೈಪ್ 1961ರ ಮಾರ್ಚಿನಲ್ಲಿ ಜಿನೀವಾ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಅದರ ಮೈಯನ್ನು ರೂಪಿಸಿದ ಮಾಲ್ಕಮ್ ಸೇಯರ್ ಮೊದಲು ವಿಮಾನದ ಕಾರ್ಖಾನೆಯಲ್ಲಿ ದುಡಿದವನು. ಬಾಗುಗಳನ್ನು ಲೆಕ್ಕ ಹಾಕಿ ಗೀಚುತ್ತಿದ್ದ. ಬಾನೆಟ್ ಅಷ್ಟು ಉದ್ದ ಯಾಕೆ? ಒಳಗೆ ಆರು ಸಿಲಿಂಡರು ಒಂದೇ ಸಾಲಿನಲ್ಲಿ ಕೂತಿವೆ. ನಡುವೆ ಆ ಉಬ್ಬು ಯಾಕೆ? ಎಂಜಿನ್ ಎತ್ತರದ್ದು, ಅದಕ್ಕೆ ಜಾಗ ಬೇಕಿತ್ತು. ಮುಂದಿನ ಬಾಯಿ ಅಷ್ಟು ಸಣ್ಣದು ಯಾಕೆ? ಗಾಳಿಗೆ ತಡೆಯಾಗಬಾರದೆಂದು. ಅಂದವಾಗಿ ಕಾಣುವ ಒಂದೊಂದು ಗೆರೆಗೂ ಹೀಗೆ ಹಿಂದೊಂದು ಉತ್ತರ ಸಿಗುತ್ತದೆ. ಹಾಗಂತ ಅದು ದೋಷವಿಲ್ಲದ ಕಾರಲ್ಲ. ಟ್ರಾಫಿಕ್ಕಿನಲ್ಲಿ ನಿಂತರೆ ಎಂಜಿನ್ ಕಾಯುವುದು ಅದರ ಹೆಸರಾಂತ ಕಾಯಿಲೆ. ಸಣ್ಣ ಬಾಯಿಗೆ ತೆತ್ತ ಬೆಲೆ ಅದು.

ಇದರ ಬಡ ನೆಂಟನೊಬ್ಬನನ್ನು ನಮ್ಮ ಹಿರಿಯರು ಕಣ್ಣಾರೆ ಕಂಡಿದ್ದಾರೆ. ಮದ್ರಾಸಿನಲ್ಲಿ 1961ರಿಂದ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ನೆನಪಿರುವವರು ನಮ್ಮ ಮನೆಗಳಲ್ಲಿ ಇನ್ನೂ ಇರಬಹುದು. ಅದು ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್. ರೂಪ ಕೊಟ್ಟವನು ಇಟಲಿಯ ಜಿಯೊವಾನಿ ಮಿಕೆಲೊಟ್ಟಿ. ಅದರ ಚಾಸಿಯನ್ನೇ ಮೋಟು ಮಾಡಿ, ಅದೇ ಮಿಕೆಲೊಟ್ಟಿಯಿಂದ ಮೈ ಬರೆಸಿ, 1962ರಲ್ಲಿ ಟ್ರಯಂಫ್ ಕಂಪನಿ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರನ್ನು ಹೊರತಂದಿತು. ಹೆರಾಲ್ಡ್, ಸ್ಪಿಟ್‌ಫೈರ್, ಇ-ಟೈಪ್ ಮೂರರಲ್ಲೂ ಬಾನೆಟ್ಟು ಮಡ್‌ಗಾರ್ಡ್ ಸಮೇತ ಇಡಿಯಾಗಿ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ. ಮೆಕ್ಯಾನಿಕ್ಕಿಗೆ ಎಂಜಿನ್ ಪೂರ್ತಿ ಕೈಗೆ ಸಿಗುತ್ತದೆ. ಅಂದಕ್ಕೂ ಅನುಕೂಲಕ್ಕೂ ಜಗಳ ಇರಲೇಬೇಕೆಂದಿಲ್ಲ ಅನ್ನುವುದಕ್ಕೆ ಇದೊಂದು ಸಾಕ್ಷಿ.

ಇನ್ನು ಪೋರ್ಷೆ 911. ಇದು 1963ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ 901 ಎಂಬ ಹೆಸರಿನಲ್ಲಿ ಬಂತು. ನಡುವೆ ಸೊನ್ನೆ ಇರುವ ಮೂರಂಕಿಯ ಹೆಸರು ತನ್ನದು ಅಂತ ಪಿಜೊ ಕಂಪನಿ ತಕರಾರು ತೆಗೆದದ್ದರಿಂದ 911 ಆಯಿತು. ಎಂಜಿನ್ ಹಿಂದಿನ ಗಾಲಿಗಳಿಗಿಂತಲೂ ಹಿಂದೆ; ತಣಿಸುವುದು ಗಾಳಿಯಿಂದ. ಆದ್ದರಿಂದ ಮುಂದೆ ರೇಡಿಯೇಟರ್ ಇಲ್ಲ, ಜಾಲರಿಯೂ ಬೇಡ. ಮೂಗು ತಗ್ಗಿತು, ಡಿಕ್ಕಿ ಮುಂದಕ್ಕೆ ಬಂತು, ಬೆನ್ನು ಇಳಿಜಾರಾಯಿತು. ಮುಂದಿನ ಮಡ್‌ಗಾರ್ಡ್ ಎರಡೂ ಕಡೆ ಎದ್ದು ನಿಂತಿರುವುದರಿಂದ ಗಾಲಿ ಎಲ್ಲಿದೆ ಎಂಬುದು ಓಡಿಸುವವನಿಗೆ ಕೂತಲ್ಲೇ ಅಂದಾಜಾಗುತ್ತದೆ. ವೇಗದಲ್ಲಿ ಹಿಂಭಾಗ ಮೇಲಕ್ಕೆ ಏಳುವ ತೊಂದರೆ ಇತ್ತು. ಅದಕ್ಕೆ ಮದ್ದಾಗಿ 1972ರಲ್ಲಿ ತೋರಿಸಿದ ಕರೇರಾ ಆರ್‌ಎಸ್‌ಗೆ ಬಾತುಕೋಳಿಯ ಬಾಲದಂಥ ಏಣು ಕೂಡಿಸಿದರು. ಇಂದು ಅದನ್ನು ಬರೀ ಅಲಂಕಾರ ಅಂದುಕೊಳ್ಳುವವರೇ ಹೆಚ್ಚು.

ಅರವತ್ತು ವರ್ಷ ಕಳೆದರೂ 911 ದೂರದಿಂದಲೇ ಗುರುತು ಸಿಗುತ್ತದೆ. ಆದರೆ ನಾನು ಅದನ್ನು ರೆಟ್ರೋ ಅನ್ನುವುದಿಲ್ಲ. ಅದು ನಿಂತು ಹಿಂದಕ್ಕೆ ತಿರುಗಿ ನೋಡಿದ್ದಲ್ಲ, ನಡೆಯುತ್ತಲೇ ಬಂದದ್ದು. ಒಮ್ಮೆ ಮಾತ್ರ ತುಸು ಎಡವಿತು. 1997ರಲ್ಲಿ ಎಂಜಿನ್ನಿಗೆ ನೀರಿನ ತಣಿಸುವಿಕೆ ಬಂತು. ಅದು ಆಗಬೇಕಾದ ಬದಲಾವಣೆಯೇ. ಆದರೆ ಖರ್ಚು ಉಳಿಸಲು ಕಂಪನಿಯ ಅಗ್ಗದ ಮಾದರಿಯಾದ ಬಾಕ್ಸ್‌ಟರ್‌ನ ದೀಪಗಳನ್ನೇ ಇದಕ್ಕೂ ಹಾಕಿದರು. ಹುರಿದ ಮೊಟ್ಟೆಯ ಹಾಗಿದೆ ಅಂತ ಜನ ಆಡಿಕೊಂಡರು. 2004ರಲ್ಲಿ ಬಂದ ಮುಂದಿನ ಮಾದರಿಗೆ ದುಂಡು ದೀಪ ವಾಪಸು ಬಂತು. ಯಂತ್ರ ಬದಲಾದದ್ದನ್ನು ಜನ ನುಂಗಿಕೊಂಡರು, ಕಣ್ಣು ಬದಲಾದದ್ದನ್ನು ನುಂಗಿಕೊಳ್ಳಲಿಲ್ಲ. ಇದು ಯೋಚಿಸಬೇಕಾದ ವಿಷಯ.

ಈಗ ಲಂಬೋರ್ಗಿನಿಯ ಕೌಂಟಾಶ್. 1971ರಲ್ಲಿ ಜಿನೀವಾದಲ್ಲಿ ಹಳದಿ ಬಣ್ಣದ ಆ ಬೆಣೆಯಂಥ ಕಾರನ್ನು ಕಂಡವರಿಗೆ ಅದು ಬೇರೆ ಲೋಕದಿಂದ ಇಳಿದ ಹಾಗೆ ಕಂಡಿರಬೇಕು. 1974ರಿಂದ ಗಿರಾಕಿಗಳಿಗೆ ಸಿಕ್ಕ ಮಾದರಿಯ ಎತ್ತರ ಸುಮಾರು 107 ಸೆಂಟಿಮೀಟರ್, ಅಂದರೆ ನಮ್ಮ ಸೊಂಟದ ಮಟ್ಟ. ರೂಪ ಕೊಟ್ಟ ಮಾರ್ಚೆಲ್ಲೋ ಗಾಂದೀನಿ ಅದಕ್ಕೂ ಮೊದಲು, 1966ರಲ್ಲಿ ಬಂದ ಅದೇ ಕಂಪನಿಯ ಮಿಯೂರಾವನ್ನು ಮೈತುಂಬ ಬಾಗುಗಳಿಂದ ಬರೆದಿದ್ದವನು. ಐದೇ ವರ್ಷದಲ್ಲಿ ತನ್ನದೇ ಯಶಸ್ಸನ್ನು ಪಕ್ಕಕ್ಕಿಟ್ಟು ನೇರ ಗೆರೆಗೆ ಹಾರಿದ. ಇದಕ್ಕೆ ನಾನು ಧೈರ್ಯ ಅನ್ನುತ್ತೇನೆ. ಮೇಲಕ್ಕೆ ಏಳುವ ಬಾಗಿಲೂ ಬರೀ ತಮಾಷೆಗಲ್ಲ. ಹಿಂದೆ ಏನೂ ಕಾಣದ ಆ ಕಾರನ್ನು ರಿವರ್ಸ್ ತೆಗೆಯುವಾಗ ಬಾಗಿಲೆತ್ತಿ, ಹೊಸ್ತಿಲಿನಂಥ ಅಂಚಿನ ಮೇಲೆ ಕೂತು, ತಲೆ ಹೊರಹಾಕಿ ನೋಡಬೇಕಿತ್ತು!

2021ರಲ್ಲಿ ಕಂಪನಿಯವರು ಹೊಸ ಯಂತ್ರಕ್ಕೆ ಕೌಂಟಾಶ್‌ನ ವೇಷ ಹಾಕಿ, ಅದೇ ಹೆಸರಿಟ್ಟು 112 ಕಾರುಗಳನ್ನು ಮಾಡಿದರು. ತನಗೂ ಅದಕ್ಕೂ ಸಂಬಂಧವಿಲ್ಲ, ಹಳೆಯದನ್ನು ಮತ್ತೆ ಮಾಡುವುದು ತನ್ನ ದಾರಿಯೇ ಅಲ್ಲ ಎಂದು ಗಾಂದೀನಿ ಬಹಿರಂಗವಾಗಿ ತಿಳಿಸಿದ. 2024ರಲ್ಲಿ ಅವನು ತೀರಿಕೊಂಡ. ಆ ಹೊಸ ಕಾರು ಕೆಟ್ಟದಾಗಿದೆ ಎಂದು ನಾನೂ ಹೇಳಲಾರೆ. ಆದರೆ ಯಾರೂ ಹಿಂದೆ ಮಾಡಿರದ್ದನ್ನು ಮಾಡಿದ್ದೇ ಮೊದಲ ಕೌಂಟಾಶ್‌ನ ಹಿರಿಮೆ. ಅದನ್ನು ನಕಲು ಮಾಡಿದ ಕೂಡಲೇ ಆ ಹಿರಿಮೆ ಇಲ್ಲವಾಗುತ್ತದೆ.

ಇದೇ ಮಾತಿಗೆ ಫೋರ್ಡ್ ಕಂಪನಿಯಲ್ಲಿ ಎರಡೂ ಬಗೆಯ ಉದಾಹರಣೆ ಸಿಗುತ್ತದೆ. ಅವರ ಜಿಟಿ40 ಫ್ರಾನ್ಸಿನ ಲೆ ಮಾನ್ಸ್ ಪಂದ್ಯವನ್ನು 1966ರಿಂದ 1969ರ ತನಕ ಸತತ ನಾಲ್ಕು ಸಲ ಗೆದ್ದಿತು. ಎತ್ತರ 40 ಇಂಚು ಅಂತಲೇ ಆ ಹೆಸರು. 2004ರಲ್ಲಿ ತಯಾರಾಗತೊಡಗಿದ ಫೋರ್ಡ್ ಜಿಟಿ ನೋಡಲು ಥೇಟ್ ಅದರಂತೆಯೇ, ಎತ್ತರ ಮಾತ್ರ ಸುಮಾರು ನಾಲ್ಕು ಇಂಚು ಹೆಚ್ಚು. ತಂದೆಯ ಕೋಟನ್ನು ದೊಡ್ಡದು ಮಾಡಿಸಿ ಹಾಕಿಕೊಂಡ ಮಗನ ಹಾಗೆ. ಆಮೇಲೆ 2015ರಲ್ಲಿ ಅದೇ ಹೆಸರಿನ ಮತ್ತೊಂದು ಕಾರು ತೋರಿಸಿದರು. ಅದರ ಮೈಯಲ್ಲಿ ನಕಲು ಕಡಿಮೆ. ಕೂರುವ ಜಾಗವನ್ನು ಹನಿಯಂತೆ ಕಿರಿದು ಮಾಡಿ, ಅದಕ್ಕೂ ಹಿಂದಿನ ಗಾಲಿಗಳಿಗೂ ನಡುವೆ ಗಾಳಿ ತೂರಿಹೋಗಲು ಓಣಿ ಬಿಟ್ಟರು. ಅಜ್ಜ ಗೆದ್ದ ಐವತ್ತನೆಯ ವರ್ಷಕ್ಕೆ ಸರಿಯಾಗಿ, 2016ರಲ್ಲಿ, ಅದು ಲೆ ಮಾನ್ಸ್‌ನಲ್ಲಿ ತನ್ನ ವರ್ಗದಲ್ಲಿ ಗೆದ್ದಿತು. ಇವೆರಡರಲ್ಲಿ ಅಜ್ಜನಿಗೆ ಹೆಚ್ಚು ಹತ್ತಿರದ ಮೊಮ್ಮಗ ಯಾರು? ನನ್ನ ಮಟ್ಟಿಗೆ ಎರಡನೆಯವನೇ.

ಹಳೆಯದನ್ನು ಪ್ರೀತಿಸುವುದು ಹೇಗೆ ಎಂಬುದಕ್ಕೆ ಜಪಾನಿನ ಮಾಜ್ದಾ ಕಂಪನಿಯ ಎಂಎಕ್ಸ್-5 ನೋಡಬೇಕು. 1962ರ ಲೋಟಸ್ ಎಲಾನ್ ಎಂಬ ಪುಟ್ಟ ಇಂಗ್ಲಿಷ್ ಕಾರು ಅದಕ್ಕೆ ಸ್ಫೂರ್ತಿ. ಅವರು ಎಲಾನ್‌ನ ಗುಣಗಳನ್ನು ಹಿಡಿದುಕೊಂಡರು: ಹಗುರ ಮೈ, ತೆರೆಯುವ ಮಾಡು, ಇಬ್ಬರಿಗೆ ಜಾಗ, ಹಿಂದಿನ ಗಾಲಿಗೆ ಎಳೆತ. ಎಣ್ಣೆ ಸೋರುವ, ದಾರಿಯಲ್ಲಿ ಕೈಕೊಡುವ ಇಂಗ್ಲಿಷ್ ಚಾಳಿಯನ್ನು ಬಿಟ್ಟರು. 1989ರಲ್ಲಿ ಬಂದ ಈ ಕಾರು 2016ರ ಹೊತ್ತಿಗೆ 10 ಲಕ್ಷ ದಾಟಿತು. ಒಳ್ಳೆಯ ಶಿಷ್ಯ ಗುರುವಿನ ಕೆಮ್ಮನ್ನು ಕಲಿಯುವುದಿಲ್ಲ.

ಹಾಗಾದರೆ ಈಗಿನ ಕಾರುಗಳು ಯಾಕೆ ಇಷ್ಟು ದಪ್ಪ, ಮೂಗು ಯಾಕೆ ಇಷ್ಟು ಎತ್ತರ ಅಂತ ಕೇಳುತ್ತೀರಿ. ಅದಕ್ಕೂ ಕಾರಣ ಉಂಟು. ಯುರೋಪಿನಲ್ಲಿ 2005ರಿಂದ ಹಂತಹಂತವಾಗಿ ಜಾರಿಗೆ ಬಂದ ನಿಯಮದಂತೆ, ಕಾರು ಪಾದಚಾರಿಗೆ ಬಡಿದರೆ ಅವನ ತಲೆಗೆ ಆಗುವ ಪೆಟ್ಟು ಮಿತಿಯೊಳಗೆ ಇರಬೇಕು. ಬಾನೆಟ್ಟಿನ ತಗಡಿಗೂ ಕೆಳಗಿನ ಗಟ್ಟಿ ಎಂಜಿನ್ನಿಗೂ ನಡುವೆ ಖಾಲಿ ಜಾಗ ಬೇಕು, ಮೂಗು ಏರಿತು. ಕಾರು ಪಲ್ಟಿಯಾದರೆ ಮಾಡು ಕುಸಿಯಬಾರದು, ಕಂಬ ದಪ್ಪವಾಯಿತು. ಇ-ಟೈಪ್‌ನ ಸೊಬಗಿಗಾಗಿ ಒಬ್ಬ ಪಾದಚಾರಿಯ ತಲೆ ಒಡೆಯಲಿ ಎಂದು ನಾನಂತೂ ಹೇಳಲಾರೆ. ಮುಂಬಯಿಯಲ್ಲಿ ದಿನಾ ನಡೆದು ರಸ್ತೆ ದಾಟುವವನು ನಾನು! ಈ ದಪ್ಪವನ್ನು ಕ್ಷಮಿಸಬಹುದು. ಕ್ಷಮಿಸಲಾಗದ್ದು ಬೇರೆ ಇದೆ. ಹಿಂದೆ ದಾರಿಯೇ ಇಲ್ಲದ ಗಾಳಿಕಿಂಡಿಗಳು, ಹೊಗೆ ಬಾರದ ಹೊಗೆಕೊಳವೆಯ ಬಾಯಿಗಳು, ನೋಡಿದವರನ್ನು ಹೆದರಿಸಲೆಂದೇ ಕೆತ್ತಿದ ಕೋರೆಹಲ್ಲಿನ ಮುಖ. ಇವು ಹೊಸ ಕಾಲದ ಸುಳ್ಳುಗಳು. ರೆಟ್ರೋ ಕಾರು ಹೇಳುವುದು ನಿನ್ನೆಯ ಸುಳ್ಳು, ಅಷ್ಟೇ ವ್ಯತ್ಯಾಸ.

ಈ ಪ್ರಶ್ನೆ ಈಗ ಇನ್ನೂ ಗಂಭೀರವಾಗಿದೆ. ಯಾಕೆಂದರೆ ಎಲ್ಲ ರೂಪಕ್ಕೂ ಮೂಲವಾಗಿದ್ದ ಎಂಜಿನ್ನೇ ಹೊರಟುನಿಂತಿದೆ. ವಿದ್ಯುತ್ ಕಾರಿನಲ್ಲಿ ಬ್ಯಾಟರಿ ಸಾಮಾನ್ಯವಾಗಿ ನೆಲದಲ್ಲಿ ಹಾಸಿಕೊಂಡಿರುತ್ತದೆ, ಮೋಟಾರು ಗಾಲಿಯ ಬಳಿ ಅಡಗುವಷ್ಟು ಸಣ್ಣದು. 2008ರಲ್ಲಿ ನಮ್ಮ ಊರಿನ ಟಾಟಾ ಮೋಟಾರ್ಸ್ ಕೊಂಡುಕೊಂಡ ಜಾಗ್ವಾರ್, 2024ರ ಡಿಸೆಂಬರಿನಲ್ಲಿ ಮಯಾಮಿಯಲ್ಲಿ ‘ಟೈಪ್ 00’ ಎಂಬ ವಿದ್ಯುತ್ ಕಾರಿನ ಮಾದರಿಯನ್ನು ತೋರಿಸಿತು. ಯಾವುದನ್ನೂ ನಕಲು ಮಾಡಬೇಡಿ ಎಂಬುದೇ ಅವರ ಘೋಷಣೆ. ಹಿಂದಿನ ಗಾಜನ್ನೂ ತೆಗೆದು ಕ್ಯಾಮೆರಾ ಇಟ್ಟರು. ಜನ ಬಣ್ಣದ ಬಗ್ಗೆ, ಜಾಹೀರಾತಿನ ಬಗ್ಗೆ ಜಗಳವಾಡಿದರು. ನನ್ನ ಕಣ್ಣು ಹೋದದ್ದು ಬಾನೆಟ್ಟಿನ ಮೇಲೆ. ಇ-ಟೈಪ್‌ನ ಹಾಗೆ ಮಾರುದ್ದ! ಇ-ಟೈಪ್‌ನ ಬಾನೆಟ್ಟಿನ ಕೆಳಗೆ ಆರು ಸಿಲಿಂಡರುಗಳಿದ್ದವು. ಇದರ ಕೆಳಗೆ ಒಂದೂ ಇಲ್ಲ.

ಉದ್ದ ಬಾನೆಟ್ಟೇ ಜಾಗ್ವಾರ್ ಎಂಬ ನೆನಪು ಅವರನ್ನೂ ಬಿಟ್ಟಿಲ್ಲ. ಇದಕ್ಕೆ ನಗಬೇಕಾಗಿಲ್ಲ, ನೆನಪು ಸುಲಭವಾಗಿ ಬಿಡುವಂಥದ್ದಲ್ಲ. ಆದರೆ ಸೇಯರ್ ಇಂದು ಬದುಕಿದ್ದರೆ ಪೆನ್ಸಿಲ್ ಹಿಡಿಯುವ ಮೊದಲು ಬ್ಯಾಟರಿ ಎಲ್ಲಿದೆ, ಗಾಳಿ ಎಲ್ಲಿ ಹಾಯುತ್ತದೆ ಅಂತ ಕೇಳುತ್ತಿದ್ದ ಎಂದೇ ನನ್ನ ನಂಬಿಕೆ. ಆ ಎರಡು ಪ್ರಶ್ನೆ ಕೇಳಿ ಬರೆದ ಕಾರು ಹೇಗೇ ಕಾಣಲಿ, ಅದೇ ಇ-ಟೈಪ್‌ನ ನಿಜವಾದ ವಾರಸುದಾರ.