ಕೊಂಡ ಹಾಡು ಕೈಯಲ್ಲೇ ಇರಲಿ

ಬೆಳಗಾವಿಯ ಹಿಂದವಾಡಿಯಲ್ಲಿರುವ ನನ್ನ ಮನೆಗೆ ಹಿಂದುಸ್ತಾನಿ ಗಾಯನ ಕಲಿಯಲು ಬರುವವರಲ್ಲಿ ಕೆಲವರು ಖಾನಾಪುರ ತಾಲ್ಲೂಕಿನ ಕಾಡಂಚಿನ ಊರಿನವರು. ಭೀಮಗಡದ ಕಡೆಯ ಹಳ್ಳಿಗಳಲ್ಲಿ ಮೊಬೈಲ್ ಸಿಗ್ನಲ್ ನೆಚ್ಚುವಂತಿಲ್ಲ. "ಅಕ್ಕೋರ, ಊರಿಗೆ ಹೋದ್ರ ರೇಂಜ್ ಸಿಗಂಗಿಲ್ರೀ, ಹಾಡು ಹೆಂಗ ಕೇಳೂದು?" ಎಂದು ಕೇಳುತ್ತಾರೆ. ಹಾಡು ಕೊಂಡುಕೊಳ್ಳಿ, ಫೈಲ್ ಇಳಿಸಿಕೊಳ್ಳಿ, ಪ್ಲೇಯರ್‌ಗೆ ತುಂಬಿಕೊಳ್ಳಿ ಎನ್ನುತ್ತೇನೆ.

ಆ್ಯಪ್‌ನಲ್ಲಿ 'ಡೌನ್‌ಲೋಡ್' ಒತ್ತಿದರೆ ಸಾಲದೇ? ಸಾಲದು. ಚಂದಾ ಕಟ್ಟಿ ಇಳಿಸಿಕೊಂಡ ಹಾಡು ಆ ಆ್ಯಪ್‌ನೊಳಗೇ ಬೀಗ ಹಾಕಿಕೊಂಡಿರುತ್ತದೆ. ಪೆನ್‌ಡ್ರೈವ್‌ಗೆ ಬಾರದು, ಚಂದಾ ಮುಗಿದ ಮೇಲೆ ನುಡಿಯದು. ಕೊಂಡ ಫೈಲ್ ಹಾಗಲ್ಲ. ಫ್ಲಿಪ್‌ಕಾರ್ಟ್ 2012ರಲ್ಲಿ ತೆರೆದ 'ಫ್ಲೈಟ್' ಎಂಬ ಹಾಡಿನ ಮಳಿಗೆ 2013ರಲ್ಲೇ ಮುಚ್ಚಿತು. ಅಲ್ಲಿ ಮಾರುತ್ತಿದ್ದದ್ದು ಬೀಗವಿಲ್ಲದ ಎಂಪಿ3. ಆಗ ಕೊಂಡು ಕಾಪಿಟ್ಟವರ ಹಾಡುಗಳು ಅಂಗಡಿಯೊಡನೆ ಮುಳುಗಲಿಲ್ಲ.

ಕೊಳ್ಳುವುದೆಲ್ಲಿ? ಐಟ್ಯೂನ್ಸ್ ಮಳಿಗೆ 2012ರಲ್ಲಿ ಭಾರತಕ್ಕೆ ಬಂತು. ಶಾಸ್ತ್ರೀಯ ಸಂಗೀತಕ್ಕೆಂದೇ ಶುಭಾ ಮುದ್ಗಲ್ ಮತ್ತು ಅನೀಶ್ ಪ್ರಧಾನ್ 2003ರಲ್ಲಿ 'ಅಂಡರ್‌ಸ್ಕೋರ್ ರೆಕಾರ್ಡ್ಸ್' ಕಟ್ಟಿದರು. 'ಬ್ಯಾಂಡ್‌ಕ್ಯಾಂಪ್'‌ನಲ್ಲಿ ಕಲಾವಿದರೇ ತಮ್ಮ ಆಲ್ಬಮ್ ಇಟ್ಟು ಮಾರುತ್ತಾರೆ. ಹಣದ ಬಹುಪಾಲು ಅವರಿಗೇ ಹೋಗುತ್ತದೆ. ಹಳೆಯ ಮುದ್ರಣಗಳ ಮಾತು ಬೇರೆ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಬೆಳಗಾವಿ ಪಕ್ಕದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಎಳವೆಯಲ್ಲಿ ಹಾಡಿದ ಮೂರು ನಿಮಿಷದ ಗ್ರಾಮಫೋನ್ ತಟ್ಟೆಗಳಿಗೆ ಆ ಅವಧಿ ದಾಟಿದೆ; ಆ ಮುದ್ರಣಗಳನ್ನು ನಕಲಿಸಿಕೊಳ್ಳಲು ಈ ಹಕ್ಕಿನ ಅಡ್ಡಿಯಿಲ್ಲ.

ಮುಂದಿನದು ಫೈಲಿನ ಬಗೆ. ಆಡಿಯೊ ಸಿಡಿಯಲ್ಲಿ ಒಂದು ಗಂಟೆಯ ಗಾಯನ ಸುಮಾರು 635 ಎಂಬಿ ಜಾಗ ತಿನ್ನುತ್ತದೆ. ಫ್ಲಾಕ್ (FLAC) ಎಂಬ ಬಗೆಯ ಫೈಲ್ ಅದನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿದರೂ ಧ್ವನಿಯ ಒಂದಂಶವನ್ನೂ ಕಳೆಯುವುದಿಲ್ಲ. 320 ಕೆಬಿಪಿಎಸ್ ಎಂಪಿ3ಗೆ 144 ಎಂಬಿ ಸಾಕು. 32 ಜಿಬಿ ಮೆಮೊರಿ ಕಾರ್ಡಿನಲ್ಲಿ ಇಂಥದು 200 ಗಂಟೆಗೂ ಹೆಚ್ಚು ಹಿಡಿಸುತ್ತದೆ. ಎರಡೂ ಸಿಗುವಲ್ಲಿ ಫ್ಲಾಕ್ ಕೊಂಡು ಮನೆಯ ಕಂಪ್ಯೂಟರಿನಲ್ಲಿಡಿ, ಪ್ಲೇಯರ್‌ಗೆ ಎಂಪಿ3 ಹಾಕಿ. ಐಟ್ಯೂನ್ಸ್‌ನ ಎಂ4ಎ ಫೈಲನ್ನು ಅಗ್ಗದ ಪ್ಲೇಯರ್‌ಗಳು ಓದದಿರಬಹುದು. ಕೊಳ್ಳುವ ಮೊದಲೇ ವಿಚಾರಿಸಿ.

ತುಂಬುವ ಕೆಲಸಕ್ಕೆ ತಾಳ್ಮೆ ಬೇಕು. ಇಳಿಸಿದ್ದು ಜಿಪ್ ಆಗಿದ್ದರೆ ಮೊದಲು ಬಿಚ್ಚಿ. ಒಬ್ಬ ಗಾಯಕರಿಗೆ ಒಂದು ಫೋಲ್ಡರ್, ಅದರೊಳಗೆ ರಾಗಕ್ಕೊಂದು. ಫೈಲಿನ ಹೆಸರಿನ ಮುಂದೆ 01, 02 ಎಂದು ಬರೆದು, ಅದೇ ಕ್ರಮದಲ್ಲಿ ನಕಲಿಸಿ. ಹಲವು ಅಗ್ಗದ ಪ್ಲೇಯರ್‌ಗಳು ನಕಲಾದ ಸರದಿಯಲ್ಲೇ ನುಡಿಸುತ್ತವೆ. ಸರದಿ ತಪ್ಪಿತೆಂದರೆ ವೇಗದ ದ್ರುತ್ ಮೊದಲಾಗಿ ನಿಧಾನಗತಿಯ ವಿಲಂಬಿತ್ ಆಮೇಲೆ ಬಂದು, ಕಟ್ಟಿದ ರಾಗ ಬುಡಮೇಲಾಗುತ್ತದೆ. ಕನ್ನಡ ಲಿಪಿಯ ಹೆಸರುಗಳು ಕೆಲವು ಪರದೆಗಳಲ್ಲಿ ಬರೀ ಚೌಕಗಳಾಗಿ ಕಾಣುತ್ತವೆ. ಅಂಥಲ್ಲಿ ಇಂಗ್ಲಿಷ್ ಅಕ್ಷರ ಬಳಸಿ. 32 ಜಿಬಿಗಿಂತ ದೊಡ್ಡ ಕಾರ್ಡನ್ನು ಹಳೆಯ ಪ್ಲೇಯರ್ ಗುರುತಿಸದಿರಬಹುದು. ನಕಲು ಮುಗಿದೊಡನೆ ಕಾರ್ಡನ್ನು ಕಿತ್ತುಕೊಳ್ಳದೆ 'ಇಜೆಕ್ಟ್' ಒತ್ತಿ ತೆಗೆಯಿರಿ. ಇನ್ನೊಂದು ಪ್ರತಿ ಬೇರೆಡೆ ಇರಲೇಬೇಕು, ಕಾರ್ಡ್ ಕೆಡುವ ವಸ್ತು.

ಹಿರಿಯರಿಗೆ ಇಷ್ಟೂ ಬೇಡವೆನಿಸಿದರೆ 2017ರಲ್ಲಿ ಬಂದ ಸರೆಗಮದ ಕಾರವಾನ್‌ನಂಥ ಪೆಟ್ಟಿಗೆ ಇದೆ. ಹಾಡುಗಳು ಒಳಗೇ ಇರುತ್ತವೆ; ನಮ್ಮ ಪೆನ್‌ಡ್ರೈವ್ ಚುಚ್ಚಲೂ ಜಾಗವಿದೆ.

ಅಂಗಡಿಯಲ್ಲಿ ಒಂದಿಷ್ಟು ರೂಪಾಯಿಗೆ ಕಾರ್ಡ್ ತುಂಬ ಹಾಡು ಹಾಕಿಸಿಕೊಳ್ಳುವ ರೂಢಿ ನಮ್ಮಲ್ಲಿ ಬಹಳ ಕಾಲ ಇತ್ತು. ಸಾವಿರ ಹಾಡು ಬಂದವು, ಹಾಡಿದವರಿಗೆ ಬಿಡಿಗಾಸೂ ಹೋಗಲಿಲ್ಲ. ಸಾಥಿಗೆ ತಬಲಾ, ಹಾರ್ಮೋನಿಯಂ ಕರೆಸಿ, ಸ್ಟುಡಿಯೊ ಬಾಡಿಗೆ ಕಟ್ಟಿ ಮುದ್ರಿಸುವ ಗಾಯಕರನ್ನು ನಾನು ಬಲ್ಲೆ. ಅವರು ಮುಂದಿನ ರಾಗವನ್ನು ಮುದ್ರಿಸಬೇಕೆಂದರೆ ಈ ರಾಗಕ್ಕೆ ಕೊಳ್ಳುವವರಿರಬೇಕು. ತಿಂಗಳಿಗೊಂದೇ ಆಲ್ಬಮ್ ಕೊಂಡರೂ ಸಾಕು. ಆದರೆ ಕೊಂಡದ್ದನ್ನು ಪೂರ್ತಿ ಕೇಳಿ, ಮತ್ತೆ ಕೇಳಿ.