ಆಟದ ಪರದೆಯ ಮೇಲೆ ಆರೈಕೆಯ ಏರ್ಪಾಡು

(ಅಂತಿಮ ಬಿ.ಎ. ವಿದ್ಯಾರ್ಥಿ)

ವಾರ್ಷಿಕ ಸಂಚಿಕೆಗೆ ನಾನು ಆರಿಸಿಕೊಂಡ ವಿಷಯವನ್ನು ಕೇಳಿ ತರಗತಿಯ ಗೆಳೆಯರು ನಕ್ಕರು. ಮೊಬೈಲ್ ಆಟವೆಂದರೆ ಕಾಲಹರಣ, ಕಣ್ಣಿಗೆ ಕೇಡು, ಪರೀಕ್ಷೆಗೆ ಶತ್ರು ಎಂಬ ಅಭಿಪ್ರಾಯವು ಹಿರಿಯರಲ್ಲಿ ಬಲವಾಗಿದೆ. ಅದು ಪೂರ್ತಿ ಸುಳ್ಳೆಂದು ನಾನೂ ಹೇಳಲಾರೆ. ಆದರೆ ಯಾದಗಿರಿ, ಶಹಾಪುರ, ಸುರಪುರಗಳ ನಡುವೆ ಓಡಾಡುವ ಯಾವ ಬಸ್ಸಿನಲ್ಲಿ ನೋಡಿದರೂ ಹಿಂದಿನ ಆಸನಗಳಲ್ಲಿ ತರುಣರು ಫೋನನ್ನು ಅಡ್ಡಲಾಗಿ ಹಿಡಿದು ಆಡುತ್ತಿರುವುದು ಕಂಡುಬರುತ್ತದೆ. ಆಡುವುದೇ ದಿಟವಾದ ಮೇಲೆ ತಿಳಿದು ಆಡುವುದು ಲೇಸು. ಅದರಲ್ಲಿಯೂ ಹೊಡೆಯುವ ವಿದ್ಯೆಯನ್ನು ಕಲಿಸುವವರು ಬಹುಮಂದಿ ಇದ್ದಾರೆ; ಬಿದ್ದ ಜೊತೆಗಾರನನ್ನು ಎತ್ತುವ ವಿದ್ಯೆಯನ್ನು ಹೇಳುವವರು ಕಡಮೆ. ಆದ್ದರಿಂದ ಈ ಲೇಖನ.

ಮೊದಲು ಆಟದ ಪರಿಚಯ. ನಮ್ಮ ಕಡೆಯ ಹುಡುಗರು ಬಿಜಿಎಂಐ ಎಂದು ಕರೆಯುವ ಆಟದ ಪೂರ್ಣ ಹೆಸರು ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ. ಇದಕ್ಕೆ ಮುಂಚೆ ಪಬ್‌ಜಿ ಮೊಬೈಲ್ ಎಂಬ ಆಟವಿದ್ದು, ಭಾರತ ಸರಕಾರವು ಅದನ್ನು 2020ರ ಸೆಪ್ಟೆಂಬರಿನಲ್ಲಿ ತಡೆಹಿಡಿಯಿತು. ಆ ಬಳಿಕ ದಕ್ಷಿಣ ಕೊರಿಯದ ಕ್ರಾಫ್ಟನ್ ಕಂಪನಿಯು 2021ರ ಜುಲೈಯಲ್ಲಿ ಬಿಜಿಎಂಐಯನ್ನು ಹೊರತಂದಿತು. 2022ರ ಜುಲೈಯಲ್ಲಿ ಅದೂ ಅಂಗಡಿಗಳಿಂದ ಮರೆಯಾಗಿ, 2023ರ ಮೇ ತಿಂಗಳಿನಲ್ಲಿ ಮರಳಿ ಬಂತು. ಒಂದು ದ್ವೀಪದ ಮೇಲೆ 100 ಜನ ಆಟಗಾರರು ಇಳಿಯುತ್ತಾರೆ, ನಾಲ್ವರದೊಂದು ತಂಡ, ಕೊನೆಗೆ ಉಳಿದ ತಂಡವೇ ಗೆದ್ದಂತೆ. ಇದು ಹಣ ಪಣಕ್ಕಿಟ್ಟು ಆಡುವ ಆಟವಲ್ಲ. ಅಂಥ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತೆಂಬುದನ್ನು ವಾಚಕರು ಬಲ್ಲರು.

ಈ ಆಟದಲ್ಲಿ ಪ್ರತಿಯೊಬ್ಬನ ಆರೋಗ್ಯಕ್ಕೂ 100 ಅಂಶಗಳಿರುತ್ತವೆ. ಪೆಟ್ಟು ಬಿದ್ದಂತೆ ಅವು ಇಳಿಯುತ್ತವೆ. ಪರಿಹಾರಕ್ಕಾಗಿ ಮೂರು ಮುಖ್ಯ ಸಾಮಗ್ರಿಗಳಿವೆ. ಆಟದ ಮೂಲ ಲೆಕ್ಕದಂತೆ ಬ್ಯಾಂಡೇಜ್ ಕಟ್ಟಲು 4 ಸೆಕೆಂಡು ಬೇಕು, ಅದರಿಂದ 10 ಅಂಶ ಏರುತ್ತದೆ. ಫಸ್ಟ್ ಏಡ್ ಕಿಟ್‌ಗೆ 6 ಸೆಕೆಂಡು, ಅದು 75ರವರೆಗೆ ಏರಿಸುತ್ತದೆ. ಮೆಡ್ ಕಿಟ್‌ಗೆ 8 ಸೆಕೆಂಡು, ಅದು ಪೂರ್ತಿ 100ಕ್ಕೆ ತರುತ್ತದೆ. ಎನರ್ಜಿ ಡ್ರಿಂಕ್ ಮತ್ತು ನೋವಿನ ಗುಳಿಗೆಗಳು ನಿಧಾನವಾಗಿ ಚೇತರಿಸುವಂಥವು. ಆರೋಗ್ಯವು ಸೊನ್ನೆಗೆ ಇಳಿದವನು ಕೂಡಲೆ ಸಾಯುವುದಿಲ್ಲ, ಮೊಣಕಾಲೂರಿ ತೆವಳುತ್ತಾನೆ. ಜೊತೆಗಾರನೊಬ್ಬನು ಹತ್ತಿರ ಬಂದು 10 ಸೆಕೆಂಡು ಕುಳಿತು ಆರೈಕೆ ಮಾಡಿದರೆ ಏಳುತ್ತಾನೆ. ಯಾರೂ ಬಾರದಿದ್ದರೆ ಅವನ ಆಟ ಮುಗಿಯಿತು. ಹತ್ತು ಸೆಕೆಂಡೆಂಬುದು ಓದುವಾಗ ಅಲ್ಪವೆನಿಸುತ್ತದೆ. ಗುಂಡು ಹಾರುವಾಗ ಅದು ಬಹು ದೀರ್ಘವಾದ ಕಾಲ.

ಇನ್ನು ನನ್ನ ತಪ್ಪಿನ ಕಥೆಯನ್ನು ಹೇಳುತ್ತೇನೆ. ನಮ್ಮ ತಂಡದ ನಾಲ್ವರೂ ಸುರಪುರ ತಾಲ್ಲೂಕಿನ ಒಂದೇ ಹಳ್ಳಿಯವರು, ಪಿಯುಸಿವರೆಗೆ ಒಟ್ಟಿಗೆ ಓದಿದವರು. ಈಗ ಒಬ್ಬನು ಪುಣೆಯಲ್ಲಿದ್ದಾನೆ. ಇನ್ನೊಬ್ಬನು ಶಹಾಪುರದ ಅಂಗಡಿಯೊಂದರಲ್ಲಿದ್ದಾನೆ. ಮೂರನೆಯವನು ಅವರ ಮನೆಯವರ ಹಿಂದೆ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸದಲ್ಲಿದ್ದಾನೆ. ಪದವಿಯ ತರಗತಿಗೆ ಬಂದವನು ನಾನೊಬ್ಬನೇ; ನಮ್ಮ ಮನೆತನದಲ್ಲಿಯೂ ನಾನೇ ಮೊದಲಿಗ. ರಾತ್ರಿ ಊಟವಾದ ಮೇಲೆ ಒಂದು ಆಟ, ಹೆಚ್ಚೆಂದರೆ ಎರಡು. ಊರಿನ ಮಾತು, ಮಳೆಯ ಮಾತು, ಯಾರ ಮದುವೆ ಎಂದು, ಇವೆಲ್ಲವೂ ಆ ಅರ್ಧ ಗಂಟೆಯಲ್ಲಿಯೇ ಆಗಬೇಕು. ಒಂದು ರಾತ್ರಿ ನಾನು ಮನೆಯೊಂದರ ಕಿಟಕಿಯಿಂದ ಎದುರಾಳಿಗಳ ಮೇಲೆ ಗುರಿಯಿಟ್ಟು ಮೈಮರೆತಿದ್ದೆ. ಬೆಂಗಳೂರಿನ ಗೆಳೆಯನು ಅದೇ ಮನೆಯ ಪಕ್ಕದ ಕೋಣೆಯಲ್ಲಿ ಬಿದ್ದಿದ್ದನು. ನಾನು ನೋಡುವಷ್ಟರಲ್ಲಿ ಅವನ ಆಟ ಮುಗಿದಿತ್ತು.

"ಏ, ನಾ ಬಿದ್ದು ಎಷ್ಟೊತ್ತಾತು! ನಿನಗ ಕಾಣ್ಲಿಲ್ಲೇನೋ?" ಎಂದನು.

"ಕಾಣ್ಲಿಲ್ಲೋ ದೋಸ್ತ."

"ದೂರದಾಗ ಇದ್ದಾಂವ ಕಾಣ್ತಾನ, ಮಗ್ಗಲದಾಗ ಬಿದ್ದಾಂವ ಕಾಣಂಗಿಲ್ಲ!"

ಅವನು ನಗುತ್ತಲೇ ಅಂದನು. ನನಗೆ ಮಾತ್ರ ನಿದ್ದೆ ಬರಲಿಲ್ಲ. ಮರುದಿನ ನನ್ನ ಪರದೆಯನ್ನು ಪರೀಕ್ಷಿಸಿದೆ. ತಂಡದವರ ಹೆಸರು ಮತ್ತು ಆರೋಗ್ಯದ ಪಟ್ಟಿಗಳು ಕಾಣುವ ಎಡಭಾಗದಲ್ಲಿ ನಾನು ಗುಂಡು ಹೊಡೆಯುವ ಎರಡನೆಯ ಬಟನ್ನನ್ನು ದೊಡ್ಡದಾಗಿ ಇಟ್ಟುಕೊಂಡಿದ್ದೆ. ಆಡುವಾಗ ನನ್ನ ಎಡಗೈ ಬೆರಳೇ ಗೆಳೆಯರ ಆರೋಗ್ಯವನ್ನು ಮುಚ್ಚಿತ್ತು. ಅವನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಅಂದಿನಿಂದ ನಾನು ಕಲಿತದ್ದನ್ನು ಮೂರು ನಿಯಮಗಳಾಗಿ ಹೇಳಬಹುದು.

ಮೊದಲನೆಯದು, ನೋಟದ ನಿಯಮ. ನಮ್ಮ ಬಸ್ಸಿನ ಚಾಲಕನನ್ನು ಗಮನಿಸಿರಿ. ಅವನ ದೃಷ್ಟಿ ರಸ್ತೆಯ ಮೇಲೆಯೇ ಇರುತ್ತದೆ. ಆದರೆ ಹಿಂಬಾಗಿಲಿನಲ್ಲಿ ಮುದುಕಿಯೊಬ್ಬಳು ಇಳಿಯುತ್ತಿರುವುದು ಕನ್ನಡಿಯಲ್ಲಿ ಅವನಿಗೆ ಕಾಣುತ್ತದೆ. ಅವನು ತಲೆ ತಿರುಗಿಸುವುದಿಲ್ಲ, ಕಣ್ಣನ್ನು ತುಸು ಹೊರಳಿಸುತ್ತಾನೆ ಅಷ್ಟೆ. ಪರದೆಯ ಮೇಲೆ ತಂಡದ ಪಟ್ಟಿಯು ಆ ಕನ್ನಡಿಯಿದ್ದಂತೆ. ಅದರ ಮೇಲೆ ಬೇರೆ ಯಾವ ಬಟನ್ನೂ ಇರಕೂಡದು, ಬೆರಳೂ ಬರಕೂಡದು. ಆಟದಲ್ಲಿ ನಾಲ್ವರಿಗೂ ಅಂಕಿ ಮತ್ತು ಬಣ್ಣಗಳಿವೆ: 1ಕ್ಕೆ ಹಳದಿ, 2ಕ್ಕೆ ಕಿತ್ತಳೆ, 3ಕ್ಕೆ ನೀಲಿ, 4ಕ್ಕೆ ಹಸಿರು. ನಕ್ಷೆಯ ಮೇಲೆಯೂ ಅದೇ ಬಣ್ಣ. ಆಟ ಆರಂಭವಾದೊಡನೆ ಯಾರು ಯಾವ ಬಣ್ಣವೆಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಹೆಸರನ್ನು ಓದುವ ಶ್ರಮವೇ ಬೇಡ. ಬಣ್ಣದ ಈ ಶಕ್ತಿಯನ್ನು ನಾನು ನಮ್ಮ ಮನೆಯಲ್ಲಿಯೇ ಕಂಡಿದ್ದೇನೆ. ನಮ್ಮ ಅಪ್ಪನಿಗೆ ಅಕ್ಷರ ಬಾರದು. ಆದರೂ ಹಸಿರು ಒತ್ತಿದರೆ ಮಾತು ಬರುತ್ತದೆ, ಕೆಂಪು ಒತ್ತಿದರೆ ನಿಲ್ಲುತ್ತದೆ ಎಂದು ತಿಳಿದು ಫೋನನ್ನು ನಿರಾತಂಕವಾಗಿ ಬಳಸುತ್ತಾನೆ.

ಎರಡನೆಯದು, ಕೈಯ ನಿಯಮ. ಅವ್ವ ರೊಟ್ಟಿ ಬಡಿಯುವಾಗ ಹಿಟ್ಟು ಒಂದು ಮಗ್ಗಲಿಗೆ, ನೀರಿನ ಬಟ್ಟಲು ಇನ್ನೊಂದು ಮಗ್ಗಲಿಗೆ ಇರುತ್ತದೆ. ಹಂಚಿನ ಮೇಲೆ ನೀರು ಸವರುವ ಅರಿವೆ ಅದರಲ್ಲಿಯೇ ಇರುತ್ತದೆ. ಆಕೆ ಒಮ್ಮೆಯೂ ತಡಕಾಡುವುದಿಲ್ಲ. ಯಾರಾದರೂ ಬಟ್ಟಲನ್ನು ಒಂದು ಗೇಣು ಸರಿಸಿಟ್ಟರೆ ರೊಟ್ಟಿ ಸೀಯುತ್ತದೆ. ಹಾಗೆಯೇ ಆರೈಕೆಯ ಬಟನ್ ಹೆಬ್ಬೆರಳು ಸಹಜವಾಗಿ ಬೀಳುವ ಕಡೆ ಇರಬೇಕು. ಆಟದ ಸೆಟ್ಟಿಂಗ್ಸ್‌ನಲ್ಲಿ ಕಂಟ್ರೋಲ್ಸ್ ಎಂಬ ವಿಭಾಗಕ್ಕೆ ಹೋಗಿ ಕಸ್ಟಮೈಸ್ ಎಂಬುದನ್ನು ಒತ್ತಿದರೆ ಪ್ರತಿಯೊಂದು ಬಟನ್ನನ್ನೂ ಎಳೆದು ಬೇಕಾದಲ್ಲಿ ಇಡಬಹುದು. ಗಾತ್ರವನ್ನು ಹೆಚ್ಚುಕಡಮೆ ಮಾಡಬಹುದು. ಎಷ್ಟು ಮಸುಕಾಗಿ ಕಾಣಬೇಕೆಂಬುದನ್ನೂ ಗೊತ್ತುಪಡಿಸಬಹುದು. ಮೊದಲಿಗೆ ಔಷಧಿಯ ಚಿತ್ರವು ಪರದೆಯ ಕೆಳಗೆ, ಆಯುಧಗಳ ಪಕ್ಕದಲ್ಲಿ ಸಣ್ಣದಾಗಿ ಇರುತ್ತದೆ. ಅಲ್ಲಿಗೆ ಹೋಗಲು ಹೆಬ್ಬೆರಳು ತನ್ನ ಕೆಲಸವನ್ನು ಬಿಟ್ಟು ಪಯಣ ಹೊರಡಬೇಕು. ನಾನು ಅದನ್ನು ತುಸು ದೊಡ್ಡದು ಮಾಡಿ ಬಲಗೈ ಹೆಬ್ಬೆರಳಿನ ದಾರಿಗೆ ತಂದೆ. ಬಿದ್ದವನನ್ನು ಎಬ್ಬಿಸುವ ಬಟನ್ ಅವನ ಬಳಿಗೆ ಹೋದಾಗ ಮಾತ್ರ ತೋರುತ್ತದೆ. ಅದು ತೋರುವ ಸ್ಥಳದಲ್ಲಿ ಬೇರೇನೂ ಇಲ್ಲದಂತೆ ನೋಡಿಕೊಳ್ಳುವುದು ಮುಖ್ಯ. ಇಲ್ಲವಾದರೆ ಗೆಳೆಯನನ್ನು ಎಬ್ಬಿಸಲು ಹೋಗಿ ಗುಂಡು ಹಾರಿಸಿ, ಅಡಗಿದ್ದ ಸ್ಥಳವನ್ನು ವೈರಿಗಳಿಗೆ ನಾವೇ ತಿಳಿಸಿದಂತಾಗುತ್ತದೆ.

ಮೂರನೆಯದು, ತ್ಯಾಗದ ನಿಯಮ. ಅಂಗೈಯಗಲದ ಪರದೆಯಲ್ಲಿ ಎಲ್ಲವೂ ದೊಡ್ಡದಾಗಿ ಇರಲಾರದು. ಆರೈಕೆಯ ಹೊಣೆ ಹೊತ್ತವನು ಬೇರೆ ಏನನ್ನಾದರೂ ಬಿಡಲೇಬೇಕು. ನಾನು ಎಡಗಡೆಯ ಗುಂಡಿನ ಬಟನ್ನನ್ನು ತೆಗೆದುಹಾಕಿದೆ. ಅದರಿಂದ ಹೊಡೆಯುವುದರಲ್ಲಿ ಹಿಂದೆ ಬಿದ್ದೆನೆಂಬುದು ಸತ್ಯ. ಅಪರೂಪಕ್ಕೆ ಬಳಸುವ ಬಟನ್‌ಗಳನ್ನು ಮೂಲೆಗೆ ಸರಿಸಿ ಮಸುಕು ಮಾಡಿದೆ. ಹೊಸ ಏರ್ಪಾಡನ್ನು ನೇರವಾಗಿ ಪಂದ್ಯದಲ್ಲಿ ಪ್ರಯೋಗಿಸದೆ, ಆಟದೊಳಗಿನ ತರಬೇತಿಯ ಮೈದಾನದಲ್ಲಿ ಮೂರು ನಾಲ್ಕು ದಿನ ರೂಢಿಸಿಕೊಳ್ಳುವುದು ಒಳ್ಳೆಯದು. ಹಳೆಯ ಜಾಗಕ್ಕೆ ಹೋಗುವ ಬೆರಳಿನ ಚಾಳಿಯು ಒಂದೇ ದಿನಕ್ಕೆ ಬಿಡುವುದಿಲ್ಲ.

ಈ ವಿದ್ಯೆಯು ನಮ್ಮ ಫೋನುಗಳಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಬ್ಲಿಜರ್ಡ್ ಕಂಪನಿಯು 2004ರ ನವೆಂಬರಿನಲ್ಲಿ ಹೊರತಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದಲ್ಲಿ ಇದು ಬಹಳ ಬೆಳೆಯಿತು. ಆ ಆಟವನ್ನು ನಾನು ಆಡಿದವನಲ್ಲ. ಅದರ ವೀಡಿಯೋಗಳನ್ನು ನೋಡಿ ತಿಳಿದಿದ್ದೇನೆ. ಅಲ್ಲಿ ಐವರ ತಂಡದಲ್ಲಿ ಪೆಟ್ಟು ತಾಳುವವನೊಬ್ಬನು, ಹೊಡೆಯುವವರು ಮೂವರು, ಆರೈಕೆಗೆಂದೇ ಒಬ್ಬನು; ಅವನಿಗೆ ಹೀಲರ್ ಎಂದು ಹೆಸರು. ಮೊದಲ ವರ್ಷಗಳ ದೊಡ್ಡ ದಂಡಯಾತ್ರೆಗಳಲ್ಲಿ 40 ಜನ ಒಟ್ಟಿಗೆ ಹೋಗುತ್ತಿದ್ದರು. ನಲವತ್ತು ಜನರ ಆರೋಗ್ಯವನ್ನು ಕೆಲವೇ ಹೀಲರ್‌ಗಳು ಏಕಕಾಲಕ್ಕೆ ನೋಡುವುದು ಹೇಗೆ? ಆಟಗಾರರೇ ಇದಕ್ಕೆ ಉಪಾಯ ಕಂಡುಹಿಡಿದರು. ಲುವಾ ಎಂಬ ಭಾಷೆಯಲ್ಲಿ ಚಿಕ್ಕ ಚಿಕ್ಕ ಪ್ರೋಗ್ರಾಮ್‌ಗಳನ್ನು ಬರೆದು ಪರದೆಗೆ ಜೋಡಿಸಿದರು. ಹೀಲ್‌ಬಾಟ್, ವುಹ್‌ಡು ಎಂಬವು ಅವುಗಳಲ್ಲಿ ಪ್ರಸಿದ್ಧವಾದುವು. ಇವುಗಳಲ್ಲಿ ಪ್ರತಿಯೊಬ್ಬ ಜೊತೆಗಾರನಿಗೂ ಒಂದೊಂದು ಸಣ್ಣ ಚೌಕ. ಎಲ್ಲ ಚೌಕಗಳೂ ಒಂದೇ ಕಡೆ ಸಾಲಾಗಿ, ನಮ್ಮ ಹಾಜರಿ ಪುಸ್ತಕದಂತೆ. ಚೌಕದ ಮೇಲೆ ಮೌಸಿನ ಎಡಗುಂಡಿ ಒತ್ತಿದರೆ ಒಂದು ಚಿಕಿತ್ಸೆ, ಬಲಗುಂಡಿ ಒತ್ತಿದರೆ ಇನ್ನೊಂದು. ಮೊದಲು ಮನುಷ್ಯನನ್ನು ಆರಿಸಿ ಆಮೇಲೆ ಔಷಧಿಯನ್ನು ಆರಿಸುವ ಎರಡು ಕೆಲಸಗಳು ಹೀಗೆ ಒಂದಾದುವು. ಅಲ್ಲಿಯೂ ಬಣ್ಣಗಳ ಭಾಷೆಯುಂಟು: ಮಾಟಕ್ಕೆ ನೀಲಿ, ಶಾಪಕ್ಕೆ ನೇರಳೆ, ರೋಗಕ್ಕೆ ಕಂದು, ವಿಷಕ್ಕೆ ಹಸಿರು. ಕೈಗೆಟುಕದಷ್ಟು ದೂರ ಹೋದವನ ಚೌಕವು ಮಸುಕಾಗುತ್ತದೆ. ಹೀಲರ್ ಅವನಿಗಾಗಿ ನಾಲ್ಕು ಹೆಜ್ಜೆ ನಡೆಯಬೇಕೆಂಬುದೇ ಅದರ ಸೂಚನೆ.

ಇಷ್ಟು ತಿದ್ದಿದ ಮೇಲೆ ನಮ್ಮ ತಂಡದಲ್ಲಿ ಬಿದ್ದವರು ಏಳತೊಡಗಿದರು. ನನಗೆ ತಕ್ಕಮಟ್ಟಿಗೆ ಹೆಮ್ಮೆಯೂ ಬಂತು. ಆ ಹೆಮ್ಮೆ ಮುರಿದ ಪ್ರಸಂಗವನ್ನು ಹೇಳದಿದ್ದರೆ ಲೇಖನವು ಅರ್ಧವಾಗುತ್ತದೆ.

ಕಳೆದ ಬೇಸಿಗೆಯ ಒಂದು ರಾತ್ರಿ. ಬೆಂಗಳೂರಿನ ಗೆಳೆಯನ ನೀಲಿ ಗುರುತು ನಕ್ಷೆಯಲ್ಲಿ ಕದಲದೆ ನಿಂತಿತ್ತು. ಅವನ ಆರೋಗ್ಯದ ಪಟ್ಟಿಯು ಪೂರ್ತಿ ತುಂಬಿತ್ತು. ಒಂದು ಅಂಶವೂ ಇಳಿದಿರಲಿಲ್ಲ. ನೆಟ್‌ವರ್ಕ್ ಹೋಗಿರಬಹುದೆಂದು ಮೊದಲು ಎಣಿಸಿದೆ. ಆದರೆ ಅವನ ಉಸಿರಿನ ಸದ್ದು ಕೇಳಿಸುತ್ತಿತ್ತು.

"ಯಾಕೋ, ಸುಮ್ಮ ನಿಂತೀಯಲ್ಲ? ಆರಾಮ ಅದಿಯಿಲ್ಲ?" ಎಂದು ಕೇಳಿದೆ.

"ಆರಾಮ ಅದೀನಿ" ಎಂದನು. ತುಸು ಹೊತ್ತಿನ ಮೇಲೆ, "ಎಡಗೈ ಹೆಬ್ಬಟ್ಟಿಗಿ ಹಲಗಿ ಬಿದ್ದು ಪೆಟ್ಟಾಗ್ಯಾದ. ಬಾತದ. ಮನ್ಯಾಗ ಹೇಳಬ್ಯಾಡ" ಎಂದನು.

ಪೆಟ್ಟಾಗಿ ಮೂರು ದಿನವಾಗಿತ್ತು. ಅರಿವೆ ಸುತ್ತಿಕೊಂಡು ಅದೇ ಕೈಯಲ್ಲಿ ಕೆಲಸಕ್ಕೂ ಹೋಗಿದ್ದನು. ಒಂದು ದಿನದ ಕೂಲಿ ತಪ್ಪಬಾರದೆಂದು ದವಾಖಾನೆಗೆ ಹೋಗಿರಲಿಲ್ಲ. ಎಡ ಹೆಬ್ಬೆರಳಿಲ್ಲದೆ ಆಟದಲ್ಲಿ ನಡೆಯಲಾಗದು. ಆದರೂ ನಮ್ಮ ಧ್ವನಿ ಕೇಳಲೆಂದು ಬಂದು ನಿಂತಿದ್ದನು. ನಾವು ಮೂವರೂ ಆ ಆಟವನ್ನು ಅಲ್ಲಿಯೇ ಬಿಟ್ಟೆವು. ಎಲ್ಲರೂ ಸೇರಿ ಬೈದು ಒಪ್ಪಿಸಿದ ಮೇಲೆ ಮರುದಿನ ವೈದ್ಯರಲ್ಲಿಗೆ ಹೋದನು. ಬೆರಳಿನ ಎಲುಬು ಬಿರುಕು ಬಿಟ್ಟಿತ್ತು. ಪಟ್ಟಿ ಕಟ್ಟಿಸಿಕೊಂಡ ಮೇಲೆ ಅವರ ಅವ್ವನಿಗೆ ತಾನೇ ಫೋನ್ ಮಾಡಿ ಹೇಳಿದನು. ಅವನ ಕೈ ವಾಸಿಯಾಗುವ ತನಕ ನಾವು ಆಡಲಿಲ್ಲ. ಅದೇ ಹೊತ್ತಿಗೆ ನಾಲ್ವರೂ ಫೋನಿನಲ್ಲಿ ಮಾತನಾಡಿದೆವು.

ಇದರಿಂದ ನನಗೆ ತಿಳಿದುಬಂದದ್ದಿಷ್ಟು. ಪರದೆಯು ತನಗೆ ಗೊತ್ತುಮಾಡಿಕೊಟ್ಟದ್ದನ್ನು ಮಾತ್ರ ತೋರಿಸುತ್ತದೆ. ಅದನ್ನು ಚೆನ್ನಾಗಿ ಜೋಡಿಸುವುದು ಆಟಗಾರನ ಕರ್ತವ್ಯ. ಜೋಡಿಸದಿದ್ದರೆ ಮಗ್ಗುಲಲ್ಲಿ ಬಿದ್ದವನೂ ಕಾಣಿಸಲಾರನು. ಆದರೆ ಎಷ್ಟು ಚೆನ್ನಾಗಿ ಜೋಡಿಸಿದರೂ ಅದರಲ್ಲಿ ಕಾಣದ ಪೆಟ್ಟುಗಳು ಉಳಿದೇ ಇರುತ್ತವೆ. ಅವನ್ನು ಬಾಯಿಬಿಟ್ಟು ಕೇಳಿ ತಿಳಿಯಬೇಕು. ಅದಕ್ಕೆ ಯಾವ ಬಟನ್ನೂ ಇಲ್ಲ.

ಕೊನೆಯದಾಗಿ ನನ್ನ ಸಹಪಾಠಿಗಳಲ್ಲಿ ಒಂದು ವಿನಂತಿ. ಆಡುವುದಾದರೆ ಹೊತ್ತನ್ನು ಗೊತ್ತುಮಾಡಿಕೊಂಡು ಆಡಿರಿ. ಪರೀಕ್ಷೆಯ ತಿಂಗಳಲ್ಲಿ ಫೋನನ್ನು ಅವ್ವನ ಕೈಗೆ ಕೊಡಿರಿ, ನಾನು ಹಾಗೆಯೇ ಮಾಡುತ್ತೇನೆ. ಇಂದು ರಾತ್ರಿ ಆಡಲು ಕುಳಿತಾಗ ಮಾತ್ರ ಒಮ್ಮೆ ನಿಮ್ಮ ಎಡಗೈಯನ್ನು ನೋಡಿಕೊಳ್ಳಿರಿ; ಅದು ಯಾರ ಹೆಸರಿನ ಮೇಲೆ ಕುಳಿತಿದೆಯೆಂದು. ಈ ಬರಹದಲ್ಲಿ ತಪ್ಪುಗಳಿದ್ದರೆ ಬಲ್ಲ ಮಿತ್ರರೂ ಪೂಜ್ಯ ಉಪನ್ಯಾಸಕರೂ ತಿದ್ದಬೇಕೆಂದು ಪ್ರಾರ್ಥಿಸಿ ಮುಗಿಸುತ್ತೇನೆ.